ಮಾಡಿ ಮಡಿದವರ ಕಥೆ

ಗೋಕಾವಿಯೆಂದೊಡನೆ ಬಹುಜನರ ಸ್ಮರಣೆಗೆ ಬರುವವು ಜಲಪಾತ, ಕರದಂಟು, ನೂಲಿನ ಗಿರಣಿ. ಅದೇ ತಾಲೂಕಿನ ಮಲಾಮರಡಿಯಲ್ಲಿ 1919ರಲ್ಲಿ ಜನಿಸಿದ ಬಸವರಾಜ ಕಟ್ಟೀಮನಿಯವರ ಹೆಸರೂ ಇವುಗಳೊಡನೆ ನೆನಪಿಗೆ ಬರತಕ್ಕುದು. 1942ರ ಚಳವಳಿಯಲ್ಲಿ ಸೆರೆವಾಸ ಕಂಡ ಇವರು, ಸ್ವಾತಂತ್ರ್ಯ ಬಂದ ಕೆಲವೇ ವರ್ಷಗಳಲ್ಲಿ ಆ ಚಳವಳಿಯನ್ನೇ ವಸ್ತುವಾಗಿರಿಸಿಕೊಂಡು ‘ಮಾಡಿ ಮಡಿದವರು’ ಎಂಬ ಕಾದಂಬರಿಯನ್ನು ಬರೆದರು.

ಹೆಸರನ್ನೇ ತುಸು ನೋಡಿರಿ. 1942ರ ಆಗಸ್ಟ್ 8ರಂದು ಮಹಾತ್ಮಾಜಿಯವರು ಮುಂಬಯಿಯಲ್ಲಿ ಕೊಟ್ಟ ಮಂತ್ರವು ‘ಮಾಡು ಇಲ್ಲವೆ ಮಡಿ’ ಎಂಬುದು. ಅದರಲ್ಲಿ ಎರಡು ದಾರಿಗಳುಂಟು. ಕಟ್ಟೀಮನಿಯವರಿಟ್ಟ ಹೆಸರಿನಲ್ಲಿ ‘ಇಲ್ಲವೆ’ ಎಂಬುದು ಬಿದ್ದುಹೋಗಿದೆ, ಮಾಡಿದವರೇ ಮಡಿದವರು. ಹಾಗಾದರೆ ಫಲವನ್ನುಂಡವರಾರು ಎಂಬ ಪ್ರಶ್ನೆಯನ್ನು ಓದುಗನು ತಾನೇ ಕೇಳಿಕೊಳ್ಳಬೇಕಾಗುವದು.

ಚಳವಳಿಯ ರೀತಿಯೂ ಅಷ್ಟರಲ್ಲಿ ಬದಲಾಗಿದ್ದಿತು. 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಡಾ. ನಾ. ಸು. ಹರ್ಡೀಕರರ ಸೇವಾದಳದ ಸ್ವಯಂಸೇವಕರು ಖಾದಿಯುಟ್ಟು ಸಾಲಾಗಿ ನಿಂತಿದ್ದರು. ಈ ಹರ್ಡೀಕರರು ಮುಂದೆ ನಮ್ಮ ಘಟಪ್ರಭೆಯಲ್ಲಿಯೇ ನೆಲೆಸಿದರು. ಆಗಿನ ಸತ್ಯಾಗ್ರಹಿಯು ಹಾಡಹಗಲಿನಲ್ಲಿ ಕಾಯದೆ ಮುರಿದು, ತನ್ನ ಹೆಸರು ಹೇಳಿ, ಬೇಡಿಗೆ ಕೈಯೊಡ್ಡುತ್ತಿದ್ದನು. 1942ರಲ್ಲಿ ಮುಂದಾಳುಗಳೆಲ್ಲರೂ ಒಮ್ಮೆಲೆ ಸೆರೆಯಾಗಲು, ಉಳಿದವರ ಕೆಲಸವು ಕತ್ತಲೆಗೆ ಬಂದಿತು. ತಂತಿಗಳನ್ನು ಕಡಿದರು; ಅಂಚೆಯ ಚೀಲಗಳನ್ನು ಕಸಿದರು; ಹಳ್ಳಿಯ ಚಾವಡಿಗಳಿಗೆ ಬೆಂಕಿಯಿಟ್ಟರು. ಚಾವಡಿಯೇ ಏಕೆ? ಕಂದಾಯದ ದಪ್ತರವಿದ್ದುದು ಅಲ್ಲಿ. ದಪ್ತರ ಸುಟ್ಟರೆ ವಸೂಲಿಯ ಕೈ ಕಟ್ಟಿದಂತೆ. ಇದು ಅಹಿಂಸೆಯೇ ಎಂಬ ವಾದವು ಅಂದೂ ಇದ್ದಿತು, ಇಂದೂ ತೀರಿಲ್ಲ. ವಸ್ತುವಿಗೆ ಹಾನಿಯಾದರೂ ಜೀವಕ್ಕಾಗಕೂಡದೆಂಬುದು ಅವರಲ್ಲನೇಕರು ತಾವೇ ಹಾಕಿಕೊಂಡ ಗೆರೆ. ಆದರೆ ಎದುರಿನವರ ಬಂದೂಕಕ್ಕೆ ಆ ಗೆರೆಯಿರಲಿಲ್ಲ. ಹಾವೇರಿ ಸೀಮೆಯ ಹೊಸರಿತ್ತಿಯಲ್ಲಿ ಕಂದಾಯದ ಹಣವನ್ನು ವಶಪಡಿಸಿಕೊಳ್ಳಹೋದ ಮೈಲಾರ ಮಹಾದೇವಪ್ಪನವರು ತಮ್ಮ ಇಬ್ಬರು ಸಂಗಡಿಗರೊಡನೆ 1943ರ ಎಪ್ರಿಲ್ 1ರಂದು ಗುಂಡಿಗೆ ಬಲಿಯಾದರು.

ಇಂಥ ಗುಪ್ತ ಕೆಲಸಕ್ಕೆ ಲೆಕ್ಕಪತ್ರವಿರುವದಿಲ್ಲ. ಕಾಗದ ಸಿಕ್ಕರೆ ಹತ್ತು ಜನ ಸಿಕ್ಕಂತೆ. ಆದ್ದರಿಂದ ಬರೆಯದಿರುವದೇ ಜಾಣತನ. ಕಾದಂಬರಿಯ ಉಪಯೋಗವು ನನಗೆ ಕಾಣುವದು ಇಲ್ಲಿ. ಭೂಗತನಾದವನು ಹೊಲದಲ್ಲಿ ಒಲೆ ಹೂಡಲಾರನು, ಹೊಗೆಯೇ ಹೇಳಿಬಿಡುವದು. ಅವನ ಪಾಲಿನ ರೊಟ್ಟಿಯನ್ನು ಯಾವುದೋ ಮನೆಯಲ್ಲಿ ಯಾರೋ ತಾಯಿ ಹೆಚ್ಚಾಗಿ ಬಡಿಯಬೇಕು. ಪೋಲೀಸರು ಬಾಗಿಲಿಗೆ ಬಂದರೆ ಏನೂ ಅರಿಯದವಳಂತೆ ನಿಲ್ಲಬೇಕು. ಸರಕಾರಕ್ಕೆ ಇದು ತಿಳಿಯದೆ ಇರಲಿಲ್ಲ. ಒಬ್ಬಿಬ್ಬರ ಕೃತ್ಯಕ್ಕಾಗಿ ಇಡಿಯ ಊರಿನ ಮೇಲೆ ಪುಂಡಗಂದಾಯ ಹೇರಿದುದು ಇದೇ ಮೌನವನ್ನು ಒಡೆಯಲಿಕ್ಕೆ. ಸೆರೆಮನೆಯ ಪಟ್ಟಿಯಲ್ಲಿ ಗಂಡಸರ ಹೆಸರುಗಳುಂಟು. ರೊಟ್ಟಿ ಬಡಿದವರ ಪಟ್ಟಿಯನ್ನು ಯಾರೂ ಮಾಡಲಿಲ್ಲ. ಮೂಡಲಗಿ, ಹುಕ್ಕೇರಿಗಳ ಹಳೆಯ ಮನೆತನಗಳಲ್ಲಿ ಅಜ್ಜಿಯರು ಹೇಳಿದ ಮಾತುಗಳಿದ್ದರೆ ಬರೆದಿಡುವದು ಒಳ್ಳೆಯದು.

ಕಟ್ಟೀಮನಿಯವರ ಬರವಣಿಗೆಗೆ ವೇಗ ಬಹಳ. ಕೆಲವೆಡೆ ಲೇಖಕರ ಸಿಟ್ಟು ಪಾತ್ರಗಳಿಗಿಂತ ಮುಂದಾಗಿ ಓಡುವದು. ಅವರಂತೆಯೇ ಪ್ರಗತಿಶೀಲ ಪಂಥಕ್ಕೆ ಸೇರಿದ ನಿರಂಜನರು 1955ರಲ್ಲಿ ಪ್ರಕಟಿಸಿದ ‘ಚಿರಸ್ಮರಣೆ’ಯ ನಡಿಗೆ ಬೇರೆ. ಅದು ಈಗಿನ ಕಾಸರಗೋಡು ಜಿಲ್ಲೆಯ ಕಯ್ಯೂರಿನ ರೈತರ ಕಥೆ. ಅಲ್ಲಿ ಬೆಂಕಿ ಮೊದಲಿಲ್ಲ, ಅಕ್ಷರ ಮೊದಲು. ಶಾಲೆಯ ಮಾಸ್ತರರು ಅಪ್ಪು, ಚಿರುಕಂಡರೆಂಬ ಹುಡುಗರ ಕಣ್ಣು ತೆರೆಯಿಸುವರು. ಪಾಠದಿಂದ ಮಾತು, ಮಾತಿನಿಂದ ರೈತಸಂಘ, ಸಂಘದಿಂದ ಮೆರವಣಿಗೆ. ಜಮೀನುದಾರನ ಎದುರಿಗೆ ತಲೆಯೆತ್ತಿ ನಿಲ್ಲುವದನ್ನು ಕಲಿಯಲಿಕ್ಕೇ ವರುಷಗಳು ಹಿಡಿಯುವವು. ಚಳವಳಿಯು ಹೇಗೆ ಕಟ್ಟಲ್ಪಡುವದೆಂಬುದನ್ನು ಇಷ್ಟು ಸಾವಧಾನವಾಗಿ ತೋರಿಸಿದ ಕನ್ನಡ ಕಾದಂಬರಿ ಇನ್ನೊಂದನ್ನು ನಾನು ಕಾಣೆ. ನಿಜವಾದ ಕಯ್ಯೂರಿನಲ್ಲಿ 1941ರ ಮಾರ್ಚ್ 28ರಂದು ಮೆರವಣಿಗೆಯೆದುರಿಗೆ ಸಿಕ್ಕ ಪೋಲೀಸನೊಬ್ಬನು ಹೊಳೆಯಲ್ಲಿ ಸತ್ತನು. 1943ರ ಮಾರ್ಚ್ 29ರಂದು ನಾಲ್ವರನ್ನು ಕಣ್ಣೂರಿನ ಸೆರೆಮನೆಯಲ್ಲಿ ಗಲ್ಲಿಗೇರಿಸಿದರು. ಹೊಸರಿತ್ತಿಯ ಗುಂಡಿಗೆ ಮೂರೇ ದಿನ ಮೊದಲು!

ಮನೆಯಲ್ಲಿ ಹದಿನಾರು ಹದಿನೇಳರ ಮಕ್ಕಳಿದ್ದರೆ ‘ಚಿರಸ್ಮರಣೆ’ಯನ್ನು ಮೊದಲು ಕೊಡಿರಿ. ‘ಮಾಡಿ ಮಡಿದವರು’ ಅದರ ತರುವಾಯ, ಹಿರಿಯರೂ ಕೂಡಿ ಓದತಕ್ಕುದು. ಅದರಲ್ಲಿ ಬರುವ ಸಂಗತಿಗಳಿಗೆ ನಿಮ್ಮೂರ ಚಾವಡಿಯ ಕಥೆಯನ್ನು ಅವರು ಜೋಡಿಸಬಲ್ಲರು.