ವಾರ್ಧಕ್ಯದಲ್ಲಿ ದೇಹವೂ ಬುದ್ಧಿಯೂ

‘ಅರವತ್ತಕ್ಕೆ ಅರಳು ಮರಳು’ ಎಂಬ ಗಾದೆಯನ್ನು ಕನ್ನಡಿಗರು ಪ್ರಕೃತಿಯ ಕಟ್ಟಳೆಯೆಂಬಂತೆ ಒಪ್ಪಿಕೊಂಡು ಬಂದಿದ್ದಾರೆ. ಬೇಂದ್ರೆಯವರು ಆ ನುಡಿಯನ್ನೇ ತಮ್ಮ ಸಂಕಲನಕ್ಕೆ ಹೆಸರಾಗಿಟ್ಟು 1958ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆದರು. ಆದರೆ ಒಬ್ಬ ಮಹಾಕವಿಯ ನಿದರ್ಶನದಿಂದ ಗಾದೆ ಸುಳ್ಳಾಗದು. ಮುಪ್ಪಿನಲ್ಲಿ ಸ್ಮೃತಿ ಕುಂದುವುದು ವಯಸ್ಸಿನ ಕಾರಣದಿಂದಲೋ, ದೇಹದ ಆರೋಗ್ಯ ಕೆಟ್ಟ ಕಾರಣದಿಂದಲೋ ಎಂಬುದು ವಿಚಾರಾರ್ಹ.

ಈ ವಿಷಯದಲ್ಲಿ ಅಮೆರಿಕದ ಕ್ರೈಸ್ತ ಸಂನ್ಯಾಸಿನಿಯರಿಂದ ದೊರೆತ ಸಾಕ್ಷ್ಯ ಅಪೂರ್ವವಾದುದು. ಡೇವಿಡ್ ಸ್ನೋಡನ್ ಎಂಬ ವಿಜ್ಞಾನಿ 75 ವರ್ಷ ದಾಟಿದ 678 ಸಂನ್ಯಾಸಿನಿಯರ ಸ್ಮೃತಿಯನ್ನು ವರ್ಷಗಟ್ಟಲೆ ಪರೀಕ್ಷಿಸುತ್ತ ಬಂದನು. ಮರಣಾನಂತರ ತಮ್ಮ ಮಿದುಳನ್ನು ಪರೀಕ್ಷೆಗೆ ಕೊಡಲು ಅವರೆಲ್ಲರೂ ಸಮ್ಮತಿಸಿದ್ದರು. ಒಂದೇ ಬಗೆಯ ಊಟ, ವಸತಿ, ದಿನಚರಿಗಳಲ್ಲಿ ಬಾಳಿದವರಾದ್ದರಿಂದ ಹೋಲಿಕೆಗೆ ಅವರಿಗಿಂತ ತಕ್ಕವರು ಸಿಗುವುದು ಕಷ್ಟ. 1997ರಲ್ಲಿ ಪ್ರಕಟವಾದ ವರದಿಯಲ್ಲಿ 102 ಮಿದುಳುಗಳ ವಿವರವಿದೆ. ಅವುಗಳಲ್ಲಿ 61ರಲ್ಲಿ ಆಲ್ಜೈಮರ್ ರೋಗದ ಗುರುತುಗಳಿದ್ದವು. ವಿಸ್ಮಯವೆಂದರೆ, ಆ ಗುರುತುಗಳಿದ್ದವರಲ್ಲಿ ಎಲ್ಲರೂ ಬದುಕಿದ್ದಾಗ ಬುದ್ಧಿಭ್ರಮಣೆಗೆ ಒಳಗಾಗಿರಲಿಲ್ಲ. ರೋಗದ ಜೊತೆಗೆ, ರಕ್ತ ತಲಪದೆ ಸತ್ತ ಒಂದೆರಡು ಚಿಕ್ಕ ಕಲೆಗಳು ಮಿದುಳಿನ ಒಳಭಾಗದಲ್ಲಿ ಯಾರಿಗಿದ್ದವೋ ಅವರಲ್ಲಿಯೇ ಭ್ರಮಣೆ ಬಹಳ ಹೆಚ್ಚಾಗಿತ್ತು. ರೋಗವಿಲ್ಲದೆ ಕೇವಲ ಕಲೆಗಳಿದ್ದವರಲ್ಲಿ ಅದರ ಪರಿಣಾಮ ಅಲ್ಪ. ಎರಡೂ ಕೂಡಿದಾಗ ಹಾನಿ ಮೇರೆ ಮೀರಿತು.

ಇದರ ಮರ್ಮ ಸರಳವಾಗಿದೆ. ಮಿದುಳಿನ ತೂಕ ದೇಹದ ತೂಕದಲ್ಲಿ ನೂರಕ್ಕೆ ಎರಡರಷ್ಟು. ಅದು ಬಳಸುವ ಆಮ್ಲಜನಕವಾದರೋ ಐದರಲ್ಲೊಂದು ಪಾಲು. ರಕ್ತದೊತ್ತಡವೂ ಸಕ್ಕರೆ ಕಾಯಿಲೆಯೂ ಕೂದಲಿನಷ್ಟು ಸಣ್ಣ ನಾಳಗಳನ್ನು ಸದ್ದಿಲ್ಲದೆ ಬಿರುಸಾಗಿಸುತ್ತವೆ. ಇಂಥ ಚಿಕ್ಕ ಆಘಾತಗಳು ಅನೇಕವೇಳೆ ರೋಗಿಗೆ ತಿಳಿಯುವುದೇ ಇಲ್ಲ.

ಒತ್ತಡವನ್ನು ತಗ್ಗಿಸಿದರೆ ಬುದ್ಧಿ ಉಳಿದೀತೆ? ಅಮೆರಿಕದಲ್ಲಿ 9,361 ಮಂದಿಯ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮೇಲಿನ ಒತ್ತಡವನ್ನು 140ರ ಬದಲು 120ಕ್ಕಿಂತ ಕೆಳಗೆ ಇಡಲು ಯತ್ನಿಸಿದವರಲ್ಲಿ ಸೌಮ್ಯ ಸ್ಮೃತಿದೋಷ ನೂರಕ್ಕೆ 19ರಷ್ಟು ಕಡಿಮೆಯಾಯಿತು. ಪೂರ್ಣ ಬುದ್ಧಿಭ್ರಮಣೆಯ ಮಟ್ಟಿಗೆ ಫಲ ನಿಶ್ಚಿತವಾಗಲಿಲ್ಲ. ಇದನ್ನು ಮುಚ್ಚಿಡುವುದು ಸಲ್ಲದು. ವೃದ್ಧರಲ್ಲಿ ಒತ್ತಡವನ್ನು ಎಷ್ಟು ಇಳಿಸಬೇಕೆಂಬುದೂ ವೈದ್ಯನು ತಲೆತಿರುಗು, ಬೀಳುವ ಭಯಗಳನ್ನು ನೋಡಿಕೊಂಡು ನಿರ್ಣಯಿಸತಕ್ಕ ಮಾತು. ನಡಿಗೆಯ ಪ್ರಯೋಗವೂ ಉಂಟು: 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ವಾರಕ್ಕೆ ಮೂರು ದಿನ 40 ನಿಮಿಷ ಬಿರುಸಾಗಿ ನಡೆದ ವೃದ್ಧರ ಮಿದುಳಿನಲ್ಲಿ, ನೆನಪಿಗೆ ಆಧಾರವಾದ ಹಿಪೊಕ್ಯಾಂಪಸ್ ಎಂಬ ಭಾಗ ವರ್ಷದಲ್ಲಿ ನೂರಕ್ಕೆ ಎರಡರಷ್ಟು ಹಿಗ್ಗಿತು, ಬರಿಯ ಮೈ ಸಡಿಲಿಸುವ ವ್ಯಾಯಾಮ ಮಾಡಿದವರಲ್ಲಿ ಅದು ಕುಗ್ಗಿತು. ಭಾಗವಹಿಸಿದವರು 120 ಮಂದಿ ಮಾತ್ರ.

ಊರು ಬಿಟ್ಟು ಮಕ್ಕಳ ಮನೆ ಸೇರಿದ ಹಿರಿಯರು ಆರನೆಯ ಮಹಡಿಯಲ್ಲಿ ನಡಿಗೆಯಿಲ್ಲದೆ ಕುಳಿತು ಮರೆಯತೊಡಗಿದಾಗ, ‘ವಯಸ್ಸಾಯಿತು’ ಎಂಬ ಮಾತಿನಿಂದ ವಿಚಾರಣೆ ಮುಗಿದುಬಿಡುತ್ತದೆ. ಶಾಕಾಹಾರಿಗಳಲ್ಲಿ ಸಾಮಾನ್ಯವಾದ ಬಿ-12 ಜೀವಸತ್ವದ ಕೊರತೆ, ಥೈರಾಯ್ಡ್ ಗ್ರಂಥಿಯ ಮಾಂದ್ಯ ಇವುಗಳಿಂದಲೂ ಮರೆವು ಬರುವುದುಂಟು. ರಕ್ತಪರೀಕ್ಷೆಯಿಂದ ತಿಳಿದು ಚಿಕಿತ್ಸೆಗೆ ಒಳಪಡುವ ಕಾರಣಗಳಿವು. ಕಿವಿ ಮಂದವಾದವರನ್ನು ಬುದ್ಧಿ ಮಂದವಾದವರೆಂದು ಎಣಿಸಿದ ಮನೆಗಳೂ ಕಡಿಮೆಯಿಲ್ಲ.

ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಗ್ರಾಮಸ್ಥರ ಮೇಲೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರವು 2018ರಿಂದ ದೀರ್ಘಕಾಲದ ಅಧ್ಯಯನವನ್ನು ಕೈಗೊಂಡಿದೆ. ಅಲ್ಲಿ ಆರಿಸಿಕೊಳ್ಳುವವರ ವಯಸ್ಸು ಅರವತ್ತರಿಂದಲ್ಲ, ನಲವತ್ತೈದರಿಂದಲೇ ಆರಂಭವಾಗುತ್ತದೆ.