ಚಳಿಗಾಲದ ಹಿನ್ನೀರು: ದೋಣಿ ಹತ್ತುವ ಮುನ್ನ

ಕ್ರಿಸ್ಮಸ್ ರಜೆ ಬಂತೆಂದರೆ ಬೆಂಗಳೂರಿನ ಅಂಜನಾಪುರ, ಜೆ.ಪಿ. ನಗರ, ಬನಶಂಕರಿ ಕಡೆಗಳಲ್ಲಿ ನೆಲೆಸಿರುವ ನಮ್ಮ ಕರಾವಳಿಯ ಕುಟುಂಬಗಳು ಊರಿಗೆ ಹೊರಡುತ್ತವೆ. ಬರುವಾಗಲೋ ಹೋಗುವಾಗಲೋ ಶರಾವತಿ ಹಿನ್ನೀರಿನಲ್ಲಿ ದೋಣಿ ವಿಹಾರ ಮಾಡುವವರೂ ಉಂಟು. ಕಡಲು ಕಂಡು ಬೆಳೆದ ನಮಗೆ ಒಳನಾಡಿನ ನೀರೆಂದರೆ ಸ್ವಲ್ಪ ಸಸಾರ. ಅಪಾಯವಿರುವುದು ಈ ಸಸಾರದಲ್ಲೇ.

ಅಲೆಯ ಎತ್ತರವನ್ನು ನಿರ್ಧರಿಸುವ ಸಂಗತಿಗಳು ಮೂರು: ಗಾಳಿಯ ವೇಗ, ಅದು ಬೀಸುವ ಅವಧಿ ಮತ್ತು ತಡೆಯಿಲ್ಲದೆ ನೀರಿನ ಮೇಲೆ ಅದು ಸಾಗುವ ದೂರ. ಅಂಜನಾಪುರದ ಕೆರೆಯಲ್ಲಿ ಆ ದೂರ ತೀರ ಕಡಿಮೆ; ಎಂಥ ಗಾಳಿಗೂ ಅಲ್ಲಿ ಕಿರುತೆರೆಗಳೇ. ಆದರೆ 1964ರಲ್ಲಿ ಕಟ್ಟಲಾದ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರು ಸುಮಾರು 300 ಚದರ ಕಿಲೋಮೀಟರ್ ಹರಡಿದೆ. ಅಲ್ಲಿ ಏಳುವ ಅಲೆಗಳು ಕಡಲಿನವುಗಳಷ್ಟು ಉದ್ದವಲ್ಲ. ಗಿಡ್ಡವಾಗಿ, ಕಡಿದಾಗಿ, ಒಂದರ ಹಿಂದೊಂದು ಬರುತ್ತವೆ. ಸಣ್ಣ ದೋಣಿಗೆ ಸಾವರಿಸಿಕೊಳ್ಳಲು ಸಮಯ ಸಿಗುವುದಿಲ್ಲ.

ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ನಮ್ಮ ಒಳನಾಡಿನಲ್ಲಿ ಬೀಸುವುದು ಹೆಚ್ಚಾಗಿ ಮೂಡಣದ ಒಣಗಾಳಿ. ರಾತ್ರಿ ಆಕಾಶ ನಿರ್ಮಲವಾಗಿದ್ದಾಗ ನೆಲ ಬೇಗ ತಣಿಯುತ್ತದೆ, ತಂಪು ಗಾಳಿ ತಗ್ಗಿನಲ್ಲಿ ನಿಲ್ಲುತ್ತದೆ. ನೀರು ಇನ್ನೂ ಬೆಚ್ಚಗಿರುವುದರಿಂದ ಮಂಜು ಏಳುತ್ತದೆ. ಬೆಳಿಗ್ಗೆ ನೀರು ಕನ್ನಡಿಯಂತೆ ಕಾಣುವುದು ಈ ಕಾರಣಕ್ಕೆ. ಬಿಸಿಲೇರಿದಂತೆ ಮೇಲಿನ ಗಾಳಿ ಕೆಳಗಿಳಿಯುತ್ತದೆ. ಹತ್ತು ಹನ್ನೊಂದು ಗಂಟೆಯ ಹೊತ್ತಿಗೆ ಅದೇ ನೀರಿನ ಮೇಲೆ ಬಿಳಿನೊರೆ ಕಾಣಬಹುದು. ಇನ್ನು ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತವಾದರೆ ಡಿಸೆಂಬರ್‌ನಲ್ಲೂ ಮಳೆಗಾಳಿ ಬರುತ್ತದೆ.

ಶುಭಸಂದೇಶದ ಓದುಗರಿಗೆ ಇದು ಹೊಸತಲ್ಲ. ಗಲಿಲೇಯ ಸಮುದ್ರವೆಂದು ಕರೆಯುವುದು ನಿಜವಾಗಿ ಒಂದು ಸಿಹಿನೀರಿನ ಸರೋವರ: ಸುಮಾರು 21 ಕಿ.ಮೀ. ಉದ್ದ, 13 ಕಿ.ಮೀ. ಅಗಲ, ಸಮುದ್ರಮಟ್ಟಕ್ಕಿಂತ 200 ಮೀಟರಿಗೂ ಕೆಳಗೆ. ಚಳಿಗಾಲದಲ್ಲಿ ಪೂರ್ವದ ಎತ್ತರದ ನೆಲದಿಂದ ತಣ್ಣನೆಯ ಗಾಳಿ ಧುಮುಕಿ ಹಠಾತ್ತನೆ ಬಿರುಗಾಳಿ ಏಳುತ್ತದೆ. ಅಂಥ ನೀರಿನಲ್ಲಿ ಹೆದರಿದ ಶಿಷ್ಯರಲ್ಲಿ ಕಸುಬಿನ ಬೆಸ್ತರೇ ಇದ್ದರು ಎಂಬುದನ್ನು ಮರೆಯಬಾರದು.

2019ರ ಜನವರಿ 21ರಂದು ಕಾರವಾರದ ಕೂರ್ಮಗಡ ದ್ವೀಪದ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ತೀರಿಕೊಂಡರು. 2024ರ ಜನವರಿ 18ರಂದು ವಡೋದರದ ಹರ್ಣಿ ಕೆರೆಯಲ್ಲಿ 12 ಶಾಲಾ ಮಕ್ಕಳೂ ಇಬ್ಬರು ಶಿಕ್ಷಕಿಯರೂ ಮುಳುಗಿದರು. ಅಲ್ಲಿ ಬಿರುಗಾಳಿಯೇನೂ ಇರಲಿಲ್ಲ. ದೋಣಿಯಲ್ಲಿ ಮಿತಿ ಮೀರಿ ಜನರಿದ್ದರು, ಹಲವರ ಮೈಮೇಲೆ ಜೀವರಕ್ಷಕ ಜಾಕೆಟ್ ಇರಲಿಲ್ಲ. ಗಾಳಿಯಿಲ್ಲದಾಗಲೇ ಹೀಗಾದರೆ ಗಾಳಿ ಎದ್ದಾಗ ಏನಾದೀತು?

ಆದ್ದರಿಂದ ಕೆಲವು ಮಾತುಗಳು:

1. ಹವಾಮಾನ ಇಲಾಖೆಯ ಮುನ್ಸೂಚನೆಯಲ್ಲಿ ಮಳೆಯನ್ನಷ್ಟೇ ಅಲ್ಲ, ಗಾಳಿಯನ್ನೂ ನೋಡಿ.

2. ಮಂಜು ಕರಗಿ ಎದುರಿನ ದಡ ಕಾಣುವವರೆಗೆ ಹೊರಡಬೇಡಿ. ಹಿನ್ನೀರಿನಲ್ಲಿ ಮುಳುಗಿದ ಮರದ ಬೊಡ್ಡೆಗಳಿರುತ್ತವೆ.

3. ಹುಟ್ಟು ಹಾಕುವ ದೋಣಿಯಾದರೆ ಹೋಗುವಾಗ ಗಾಳಿಗೆದುರಾಗಿ ಹೋಗಿ. ದಣಿದು ಮರಳುವಾಗ ಗಾಳಿ ಬೆನ್ನಿಗಿರಲಿ.

4. ಜಾಕೆಟ್ ಸೀಟಿನ ಕೆಳಗಲ್ಲ, ಮೈಮೇಲಿರಲಿ. ಮಕ್ಕಳಿಗೆ ಅವರ ಅಳತೆಯದ್ದೇ ಬೇಕು. ಈಜು ಬಲ್ಲವರೂ ತೊಡಬೇಕು: ಕಡಲ ನೀರು ಸಿಹಿನೀರಿಗಿಂತ ಶೇ. 2.5ರಷ್ಟು ಸಾಂದ್ರ, ಅಲ್ಲಿ ತೇಲಿದಷ್ಟು ಸುಲಭವಾಗಿ ಇಲ್ಲಿ ತೇಲಲಾಗದು.

5. ದೋಣಿ ಮಗುಚಿದರೆ ಅದನ್ನೇ ಹಿಡಿದುಕೊಳ್ಳಿ. ನೀರು ದೇಹದ ಶಾಖವನ್ನು ಗಾಳಿಗಿಂತ ಬಹಳ ಬೇಗ ಹೀರುತ್ತದೆ. ದಡ ಕಾಣುವಷ್ಟು ಹತ್ತಿರವಿರುವುದಿಲ್ಲ.

6. ಡಿಸೆಂಬರ್‌ನಲ್ಲಿ ಆರು ಗಂಟೆಗೆಲ್ಲ ಸೂರ್ಯ ಮುಳುಗುತ್ತಾನೆ. ಐದಕ್ಕೆ ಮೊದಲೇ ದಡ ಸೇರಿ.

ದೋಣಿಯಲ್ಲಿ ಜನ ಹೆಚ್ಚಿದ್ದರೆ, ಜಾಕೆಟ್ ಕೊಡದಿದ್ದರೆ, ದುಡ್ಡು ಕೊಟ್ಟಾಗಿದ್ದರೂ ಹತ್ತಬೇಡಿ. ವಿವೇಕವನ್ನು ಧರ್ಮಸಭೆ ಮೂಲ ಸದ್ಗುಣಗಳಲ್ಲಿ ಒಂದಾಗಿ ಎಣಿಸುತ್ತದೆ. ಪ್ರಾರ್ಥನೆ ಮಾಡಿ ಹೊರಡುವವರಿಗೂ ಅದು ಬೇಕು. ಎಲ್ಲರ ಪ್ರಯಾಣ ಸುಖಕರವಾಗಲಿ ಎಂದು ಹಾರೈಸುತ್ತೇವೆ.