ಔಷಧ ಹಚ್ಚಿದರೂ ಬಿದ್ದ ಕೇದಿಗೆ

ಆಗಸ್ಟ್ ತಿಂಗಳಲ್ಲಿ ಶಿರೂರ ಅನಂತಪಾಳದ ಕಡೆ ಹೋದವರಿಗೆ ಸೋಯಾಬೀನಿನ ಹಸಿರೇ ಮೊದಲು ಕಣ್ಣಿಗೆ ಬೀಳುತ್ತದೆ. ನಡುವೆ ಅಲ್ಲಲ್ಲಿ ಮುಂಗಾರಿ ಜೋಳ. ಮನೆಭೇಟಿಗೆಂದು ಹೋಗಿದ್ದ ನಮ್ಮನ್ನು ಹಿರಿಯ ರೈತರೊಬ್ಬರು ನೇರ ಹೊಲಕ್ಕೇ ಕರೆದೊಯ್ದರು. ಜೋಳದ ಎಲೆಗಳ ಮೇಲೆ ಉದ್ದಕ್ಕೂ ಬಿಳಿಚಿದ ಪಟ್ಟೆ. ಕೆಲವು ಎಲೆಗಳು ಆಗಲೇ ಎಳೆ ಎಳೆಯಾಗಿ ಸೀಳಿದ್ದವು.

"ಫಾದರ್, ಬೀಜಕ್ಕ ಔಷಧ ಹಚ್ಚೇ ಬಿತ್ತೀನ್ರಿ. ಆದ್ರೂ ಕೇದಗಿ ಬಿದ್ದೈತಿ. ಮುಂದಿನ ವರ್ಷ ಎರಡ ಪಟ್ಟು ಹಚ್ಚಲೇನ್ರಿ?"

ಕೇದಿಗೆ ರೋಗ ಹತ್ತಿದ ಗಿಡ ಸಾಮಾನ್ಯವಾಗಿ ತೆನೆ ಕೊಡುವುದಿಲ್ಲ. ಆದ್ದರಿಂದ ಅವರ ಪ್ರಶ್ನೆ ಒಂದು ವರ್ಷದ ರೊಟ್ಟಿಯ ಪ್ರಶ್ನೆಯೂ ಆಗಿತ್ತು. ಸೆಮಿನರಿಯಲ್ಲಿ ನಮಗೆ ತತ್ವಶಾಸ್ತ್ರ ಕಲಿಸಿದರು, ಸಸ್ಯರೋಗಶಾಸ್ತ್ರವನ್ನಲ್ಲ. ಊರಿಗೆ ಮರಳಿದ ಮೇಲೆ ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಕೇದಿಗೆ ತರುವುದು ಬೂಷ್ಟಿನಂಥ ಒಂದು ಸೂಕ್ಷ್ಮಜೀವಿ. ಇದಕ್ಕೆ ಬೀಜೋಪಚಾರದ ಪ್ರಮುಖ ಔಷಧ ಮೆಟಲಾಕ್ಸಿಲ್. 1970ರ ದಶಕದ ಕೊನೆಗೆ ಬಂದಾಗ ಇದು ರೈತರಿಗೆ ವರದಾನದಂತೆಯೇ ಕಂಡಿತು. ಆದರೆ 1980ರಲ್ಲೇ ಐರ್ಲೆಂಡ್ ಮತ್ತು ಹಾಲೆಂಡ್‌ಗಳ ಆಲೂಗಡ್ಡೆ ಹೊಲಗಳಲ್ಲಿ ಅದು ಸೋತಿತು. ಜೋಳದ ಸರದಿ ಬಂದದ್ದು 2001ರಲ್ಲಿ. ಅಮೆರಿಕದ ಟೆಕ್ಸಾಸ್ ರಾಜ್ಯದ ಕರಾವಳಿ ಭಾಗದಲ್ಲಿ, ಮೆಟಲಾಕ್ಸಿಲ್ ಹಚ್ಚಿ ಬಿತ್ತಿದ ಜೋಳಕ್ಕೇ ಕೇದಿಗೆ ಹರಡಿತು. ಪರೀಕ್ಷಿಸಿದಾಗ, ರೋಗಾಣು ಔಷಧಕ್ಕೆ ಜಗ್ಗದಂತಾಗಿರುವುದು ಖಚಿತವಾಯಿತು.

ಇದು ಆಗುವುದು ಹೇಗೆ? ಒಂದು ಹೊಲದಲ್ಲಿ ರೋಗಾಣುವಿನ ಬೀಜಕಗಳು ಲೆಕ್ಕವಿಲ್ಲದಷ್ಟು. ಅವುಗಳಲ್ಲಿ ಎಲ್ಲೋ ಒಂದೆರಡು ಹುಟ್ಟಿನಿಂದಲೇ ತುಸು ಬೇರೆ. ಔಷಧ ಉಳಿದವನ್ನೆಲ್ಲ ಕೊಂದು, ಆ ಒಂದೆರಡಕ್ಕೆ ಹೊಲವನ್ನೇ ಬಿಟ್ಟುಕೊಡುತ್ತದೆ. ಅದೇ ಔಷಧವನ್ನು ಪ್ರತಿ ವರ್ಷ ಬಳಸಿದರೆ ಅವುಗಳ ಸಂತಾನವೇ ಹೊಲ ತುಂಬುತ್ತದೆ. ಮೆಟಲಾಕ್ಸಿಲ್‌ನಂಥ ಔಷಧಗಳು ಜೀವಕೋಶದ ಒಂದೇ ಒಂದು ಕೆಲಸಕ್ಕೆ ಪೆಟ್ಟು ಕೊಡುತ್ತವೆ. ಆ ಜಾಗ ಬದಲಾದರೆ ಪೆಟ್ಟು ತಾಗುವುದಿಲ್ಲ. ಆಗ ಎರಡು ಪಟ್ಟು ಹಚ್ಚಿದರೂ ದುಡ್ಡು ಹೋಗುವುದೇ ಹೆಚ್ಚು. ಸ್ಟ್ರೋಬಿಲ್ಯುರಿನ್ ಗುಂಪಿನ ಔಷಧಗಳು 1996ರಲ್ಲಿ ಯುರೋಪಿನ ಗೋಧಿ ಹೊಲಗಳಿಗೆ ಬಂದವು. 1998ರ ಹೊತ್ತಿಗೆ ಉತ್ತರ ಜರ್ಮನಿಯಲ್ಲಿ ಗೋಧಿಯ ಬೂದಿ ರೋಗ ಅವುಗಳನ್ನು ಜಯಿಸಿತ್ತು. ಎರಡೇ ವರ್ಷ!

ಹಾಗೆಂದು, ಔಷಧ ಸೋತಲ್ಲೆಲ್ಲ ಇದೇ ಕಾರಣವೆನ್ನಲಾಗದು. ಪೊಟ್ಟಣ ಹಳೆಯದಿರಬಹುದು, ನಕಲಿಯಿರಬಹುದು, ಬೀಜಕ್ಕೆ ಸಮನಾಗಿ ಅಂಟದೇ ಇರಬಹುದು. ಆ ಹಿರಿಯರ ಹೊಲದಲ್ಲಿ ಏನಾಗಿತ್ತೆಂದು ಹೇಳಬೇಕಾದವರು ಪ್ರಯೋಗಾಲಯದವರು. ಎಲೆಗಳನ್ನು ಪರಭಣಿಯ ಕೃಷಿ ವಿದ್ಯಾಪೀಠದವರಿಗೆ ತೋರಿಸಿ ಎಂದೆವು. ಅಂಗಡಿಯವರು ಕೊಟ್ಟ ಪೊಟ್ಟಣದ ಮೇಲೆ ಔಷಧದ ಹೆಸರು ಓದಿ ನೋಡಿ ಎಂದೂ ಹೇಳಿದೆವು, ಏಕೆಂದರೆ ಕಂಪನಿ ಬದಲಾದರೂ ಒಳಗಿನದು ಅದೇ ಇರುತ್ತದೆ. ರೈತ ಮಾತ್ರ ಔಷಧ ಬದಲಿಸಿದೆನೆಂದು ನಂಬಿರುತ್ತಾನೆ.

ಬಲ್ಲವರು ಹೇಳುವ ದಾರಿ ಕಷ್ಟದ್ದೇನಲ್ಲ. ಒಂದೇ ಗುಂಪಿನ ಔಷಧವನ್ನು ನೆಚ್ಚದೆ, ಹಲವು ಕಡೆ ಪೆಟ್ಟು ಕೊಡುವ ಮ್ಯಾಂಕೋಜೆಬ್‌ನಂಥದ್ದರ ಜೊತೆ ಬೆರೆಸಿದ್ದನ್ನು ಬಳಸುವುದು, ಹೇಳಿದ ಪ್ರಮಾಣ ಮೀರದಿರುವುದು, ರೋಗ ತಡೆಯುವ ತಳಿ ಬಿತ್ತುವುದು. ಎಲ್ಲಕ್ಕಿಂತ ಮೊದಲು, ರೋಗ ಹತ್ತಿದ ಗಿಡಗಳನ್ನು ಎಲೆ ಸೀಳುವ ಮುನ್ನವೇ ಕಿತ್ತು ಸುಡಬೇಕು. ಸೀಳಿದ ಎಲೆಯಿಂದ ಉದುರುವ ಬೀಜಕಗಳು ವರ್ಷಗಟ್ಟಲೆ ಮಣ್ಣಿನಲ್ಲಿ ಉಳಿಯುತ್ತವೆ.

ಹಿರಿಯರು ಎಲ್ಲವನ್ನೂ ಕೇಳಿಸಿಕೊಂಡರು. ಮುಂದಿನ ಸಲ ಆ ಪಟ್ಟಿಯಲ್ಲಿ ತೊಗರಿ ಹಾಕುವುದಾಗಿ ಹೇಳಿದರು. ಆಮೇಲೆ ತುಸು ಯೋಚಿಸಿ ಕೇಳಿದರು: "ಕಾಡಗಿ ರೋಗಕ್ಕ ನಮ್ಮಪ್ಪನ ಕಾಲದಿಂದ ಗಂಧಕಾನ ಹಚ್ಚತೀವ್ರಿ. ಅದನ್ನೂ ಬಿಡಬೇಕೇನ್ರಿ?"

ಬೇಡ ಎಂದೆವು. ಗಂಧಕ ಒಂದೇ ಕಡೆ ಹೊಡೆಯುವ ಔಷಧವಲ್ಲ. ಕಿಲೋ ಬೀಜಕ್ಕೆ ನಾಲ್ಕು ಗ್ರಾಂ ಸಾಕು.